ದೀಪದ ಕಂಬದವರೆಗೆ

ಬಸ್ ನಿಲ್ದಾಣದ ಮುಂದೆ ಆಟೋದ ಹುಡುಗನಿಗೆ ನಾನು ಬೀದಿಯ ಹೆಸರನ್ನು ಸರಿಯಾಗಿಯೇ ಹೇಳಿದೆ. ಪುರಸಭೆಯವರು ನೀಲಿ ಹಲಗೆಯ ಮೇಲೆ ಬರೆಸಿರುವ ಹೆಸರೇ ಅದು. ಅವನಿಗೆ ತಿಳಿಯಲಿಲ್ಲ. ಪಕ್ಕದ ಆಟೋದವನನ್ನು ಕೇಳಿದ, ಅವನು ಏನೋ ಹೇಳಿದ, ಇವನು ನನ್ನ ಕಡೆಗೆ ತಿರುಗಿ ನಕ್ಕ.

"ದೀಪದ ಕಂಬದ ಹತ್ರ ಅನ್ನಿ ಅಜ್ಜಿ. ಅದುನ್ನ ಮೊದ್ಲೇ ಹೇಳ್ಬಾರ್ದಾ?"

ಅಜ್ಜಿ ಎಂದು ಕರೆಯುವುದಕ್ಕೆ ನಾನು ಅವನಿಗೆ ಅನುಮತಿ ಕೊಟ್ಟಿರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟು, "ಅಲ್ಲಿ ಈಗಲೂ ದೀಪದ ಕಂಬ ಇದೆಯೇನಪ್ಪಾ?" ಎಂದು ಕೇಳಿದೆ.

"ಲೈಟ್ ಕಂಬ ಎಲ್ಲಾ ಬೀದೀಲೂ ಇದಾವಲ್ಲ. ಅಲ್ಲಿಗೆ ಮಾತ್ರ ಜನ ಹಂಗಂತಾರೆ, ಅಷ್ಟೇ."

ಬಹುಕಾಲ ನೆಲಮಂಗಲದ ಶಾಲೆಯೊಂದರಲ್ಲಿ ಕನ್ನಡ ಕಲಿಸಿದವಳು ನಾನು. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ದೀಪದ ಕಂಬ ಎಂದರೇನು ಎಂದು ಕೇಳಿದಳು. ಬೀದಿಗೆ ಬೆಳಕು ಬೀಳಲೆಂದು ತುದಿಯಲ್ಲಿ ದೀಪವನ್ನಿಟ್ಟ ಕಂಬ ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆ. ನಿಘಂಟೂ ಅಷ್ಟನ್ನೇ ಹೇಳುತ್ತದೆ. ಆದರೆ ನಾನು ಸೊಸೆಯಾಗಿ ಕಾಲಿಟ್ಟ ಬೀದಿಯಲ್ಲಿ ಆ ಮಾತಿನ ಬಳಕೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಹೊರಗಿನವರಿಗೆ ವಿಳಾಸ ಹೇಳುವಾಗ ದೀಪದ ಕಂಬದ ಬಲಕ್ಕೆ, ಎಡಕ್ಕೆ ಎಂದು ಹೇಳುತ್ತಿದ್ದರು. ತಮಟೆಯವನು ಸಾರುವುದು ದೀಪದ ಕಂಬದ ಕೆಳಗೆ. ಕೆಲಸವಿಲ್ಲದೆ ನಿಂತವನಿಗೆ "ಏನ್ಲಾ, ದೀಪದ ಕಂಬದಂಗೆ ನಿಂತಿದ್ದೀಯ" ಎಂಬ ಬೈಗುಳ. ಬೆಳಗಿನ ಹೊತ್ತು ನೇಕಾರರು ಮಗ್ಗಕ್ಕೇರಿಸುವ ಉದ್ದ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು, ಗಂಜಿ ಬಳಿದು ಒಣಗಿಸುತ್ತಿದ್ದರು. ಆ ಹಾಸಿನ ಒಂದು ತುದಿಯ ಹಗ್ಗವನ್ನು ಬಿಗಿಯುತ್ತಿದ್ದದ್ದೂ ಅದೇ ಕಂಬಕ್ಕೆ. ಕಲ್ಲಿನ ಕಂಬ. ಹಗ್ಗ ಉಜ್ಜಿ ಉಜ್ಜಿ ಅದರ ಸೊಂಟದಲ್ಲಿ ಬೆರಳು ಕೂರುವಷ್ಟು ಆಳದ ಗೀರು ಬಿದ್ದಿತ್ತು. ತುದಿಯಲ್ಲಿ ನಾಲ್ಕು ಮುಖದ ಗಾಜಿನ ಪೆಟ್ಟಿಗೆ, ಒಳಗೆ ಸೀಮೆಎಣ್ಣೆಯ ಬುಡ್ಡಿ.

ಹೆಂಗಸರಿಗೆ ಅದು ಎಲ್ಲೆಯೂ ಆಗಿತ್ತು. ಊರಿಗೆ ಹೊರಟವರನ್ನು ಮನೆಯ ಹೆಂಗಸರು ದೀಪದ ಕಂಬದವರೆಗೆ ಹೋಗಿ ಕಳುಹಿಸಬಹುದು, ಅದರಾಚೆಗೆ ಹೆಜ್ಜೆ ಇಡಬಾರದು. ಹಾಗೆಂದು ಯಾರೂ ನನಗೆ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದ ಅಗತ್ಯವಿದೆಯೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ನಾನು ಎತ್ತರದ ಹೆಂಗಸು. ಈಗ ಬೆನ್ನು ಬಾಗಿದೆ, ಆಗ ಬಾಗಿರಲಿಲ್ಲ. ಮನೆ ತುಂಬಿಸಿಕೊಳ್ಳುವ ದಿನ ಹೊಸಿಲ ಮೇಲಿನ ಅಕ್ಕಿಯ ಪಾವನ್ನು ಒದೆಯಲು ನಿಂತಿದ್ದಾಗ, ಎದುರು ಮನೆಯ ಸುಬ್ಬಮ್ಮನವರು ಬಾಯಲ್ಲಿದ್ದ ಅಡಿಕೆಯನ್ನು ಕೆನ್ನೆಗೆ ಸರಿಸಿಕೊಂಡು ನಮ್ಮ ಅತ್ತೆಗೆ ಹೇಳಿದರು: "ಏನ್ ಪುಟ್ಟಕ್ಕ, ಸೊಸೆ ತಂದ್ಯಾ, ದೀಪದ ಕಂಬ ತಂದ್ಯಾ? ಬಾಗ್ಲು ಎತ್ರ ಮಾಡಿಸ್ಬೇಕಾಯ್ತದೆ ನೋಡು." ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಆದರೆ ಸುಮ್ಮನಿರಿ ಎಂದೂ ಹೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಅವರು ಮಾತ್ರ ನನಗಷ್ಟೇ ಕೇಳುವಂತೆ, "ಒಳ್ಳೇದೇ ಆಯ್ತು, ಕತ್ಲಲ್ಲಿ ನನ್ಗೆ ಮನೆ ಸಿಕ್ತದೆ" ಎಂದರು. ಗಂಡ ನನ್ನೊಡನೆ ಆಡಿದ ಮೊದಲ ಮಾತು ಅದು.

ಆಗ ಯುದ್ಧ ನಡೆಯುತ್ತಿತ್ತು. ರೇಷ್ಮೆ ಪ್ಯಾರಾಚೂಟಿಗೆ ಹೋಗುತ್ತಿತ್ತು. ನೂಲು ಸಿಗದೆ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ನಮ್ಮ ಮನೆಯ ಕುಣಿಮಗ್ಗದ ಗುಂಡಿಯಲ್ಲಿ ಬೆಕ್ಕು ಮರಿ ಹಾಕಿತು. ಅದನ್ನು ಕಂಡ ಮಾರನೆಯ ವಾರ ಅವರು ಬೆಂಗಳೂರಿಗೆ ಹೋಗಿ, ಸೈನ್ಯದ ರಸ್ತೆ ಮಾಡುವ ದಳದಲ್ಲಿ ಹೆಸರು ಕೊಟ್ಟು ಬಂದರು. ಬರ್ಮಾದ ಗಡಿಗೆ ಎಂದು ಆಮೇಲೆ ತಿಳಿಯಿತು. ಹೊರಟ ಸಂಜೆ ಅತ್ತೆ ಬಾಗಿಲಲ್ಲೇ ಉಳಿದರು, ನಾನು ಕಂಬದವರೆಗೆ ಹೋದೆ. ದೀಪ ಹಚ್ಚುವ ಹನುಮಯ್ಯ ಆಗಷ್ಟೇ ಹಚ್ಚಿ ಏಣಿಯನ್ನು ನಮ್ಮ ಜಗಲಿಗೆ ಒರಗಿಸಿ ಹೋಗಿದ್ದ. ಅವನ ಏಣಿ ಇರುತ್ತಿದ್ದುದು ಅಲ್ಲೇ. ಅವರು ಗಂಟನ್ನು ಕೆಳಗಿಟ್ಟು ಮತ್ತೆ ಬಿಗಿಯಾಗಿ ಕಟ್ಟಿಕೊಂಡರು.

"ಇಲ್ಗೆ ಸಾಕು, ನಿಂತ್ಕೊ."

"ಯಾವಾಗ ಬರ್ತೀರಿ?"

"ಸಂಜೆ ರೈಲಿಗೇ ಬರ್ತೀನಿ. ನಮ್ಮ ಗಲ್ಲಿಗಳೆಲ್ಲ ಒಂದೇ ಥರ ಅವೆ ನಿಜ. ದೀಪ ಇರ್ತದಲ್ಲ, ದಾರಿ ತಪ್ಪಲ್ಲ ಬಿಡು."

ದೀಪದ ಪೆಟ್ಟಿಗೆಯ ಸರಳುಗಳ ನೆರಳು ಅವರ ಬೆನ್ನ ಮೇಲೆ ಗೀಟು ಗೀಟಾಗಿ ಬಿದ್ದಿತ್ತು. ತಿರುವಿನಲ್ಲಿ ಆ ಗೀಟುಗಳು ಕಳಚಿಬಿದ್ದವು, ಆಮೇಲೆ ಬೆನ್ನೂ ಕಾಣಲಿಲ್ಲ.

ಕೆಲವು ತಿಂಗಳು ಕಾಗದ ಬಂದವು. ಆಮೇಲೆ ನಿಂತವು. ಬರ್ಮಾ ಕಡೆಯಿಂದ ಜನ ಕಾಡಿನಲ್ಲಿ ನಡೆದು ಬರುತ್ತಿದ್ದಾರೆ, ದಾರಿಯಲ್ಲೇ ಉಳಿದವರಿಗೆ ಲೆಕ್ಕವಿಲ್ಲ ಎಂದು ಪೇಟೆಯಲ್ಲಿ ಹೇಳುತ್ತಿದ್ದರು. ಬದುಕಿದ್ದಾರೆಂದು ಸರ್ಕಾರ ಹೇಳಲಿಲ್ಲ, ಸತ್ತರೆಂದೂ ಹೇಳಲಿಲ್ಲ. ವಿಚಾರಿಸಲು ಹೋದಾಗ ಕಚೇರಿಯ ಗುಮಾಸ್ತನೊಬ್ಬ ನನ್ನ ಮುಖವನ್ನು ನೋಡದೆಯೇ, "ಸುದ್ದಿ ಇಲ್ಲ ಅಂದ್ರೆ ಒಳ್ಳೇ ಸುದ್ದಿ ಅಂತ ತಿಳ್ಕೋಮ್ಮ" ಎಂದು ಲೇಖನಿ ಚೀಪುತ್ತ ಕುಳಿತ. ಆ ಲೇಖನಿಯ ಹಿಂಬದಿ ಹಲ್ಲಿನ ಗುರುತುಗಳಿಂದ ತುಂಬಿತ್ತು ಎಂಬುದೂ ನನಗೆ ನೆನಪಿದೆ.

ದೀಪಾವಳಿಗೆ ಸ್ವಲ್ಪ ಮುಂಚೆ ಸೀಮೆಎಣ್ಣೆ ಮನೆಗಳಿಗೇ ಸಿಗದಂತಾಯಿತು. ವಿದ್ಯುತ್ತು ಪೇಟೆ ಬೀದಿಗೆ ಬಂದಿತ್ತು, ನಮ್ಮ ಕಡೆಗೆ ಬಂದಿರಲಿಲ್ಲ. ಹನುಮಯ್ಯ ಒಂದು ಸಂಜೆ ಬಂದು, ಬುಡ್ಡಿಯನ್ನು ತೆಗೆದುಕೊಂಡು, ಏಣಿಯನ್ನು ಬಿಟ್ಟು ಹೋದ. "ಎಣ್ಣೆ ಬಂದಾಗ ಬರ್ತೀನಿ ಪುಟ್ಟಕ್ಕ" ಎಂದ. ಅಂದಿನಿಂದ ಕತ್ತಲಾಗುವ ಹೊತ್ತಿಗೆ ಬೀದಿಯೇ ಇಲ್ಲವಾಗುತ್ತಿತ್ತು. ಸಂಜೆಯ ರೈಲಿನ ಸಿಳ್ಳು ಕೇಳಿದಾಗಲೆಲ್ಲ ಅತ್ತೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ಒಂದು ದಿನ ತಡೆಯಲಾರದೆ, "ಅವ್ನು ಬಂದು ಗಲ್ಲಿ ಗುರ್ತು ಸಿಗ್ದೆ ವಾಪಸ್ ಹೋಗ್ಬಿಟ್ರೆ ಏನೇ ಮಾಡೋದು?" ಎಂದರು. ಹುಟ್ಟಿ ಬೆಳೆದ ಗಲ್ಲಿ ಮಗನಿಗೆ ಗುರುತು ಸಿಗದೆ ಹೋಗುತ್ತದೆಯೇ ಎಂದು ನಾನು ಕೇಳಲಿಲ್ಲ. ನನಗೂ ಅದೇ ಭಯವಿತ್ತು.

ಅತ್ತೆಯ ತವರು ಅನುಗೊಂಡನಹಳ್ಳಿಯ ಕಡೆ. ಅಲ್ಲಿಂದ ಬಂದ ಹರಳೆಣ್ಣೆ ಒಂದು ಗಡಿಗೆಯಲ್ಲಿತ್ತು. ದೊಡ್ಡ ಹಣತೆಗೆ ಅದನ್ನು ತುಂಬಿ, ಬಟ್ಟೆಯ ಬತ್ತಿ ಹೊಸೆದು ನನ್ನ ಕೈಗೆ ಕೊಟ್ಟರು. ಅವರ ಮೊಣಕಾಲು ಏಣಿ ಹತ್ತುವಂಥದ್ದಲ್ಲ. ಅವರು ಏಣಿಯ ಬುಡ ಹಿಡಿದರು, ನಾನು ಸೀರೆ ಎತ್ತಿ ಕಟ್ಟಿ ಹತ್ತಿ, ಗಾಜಿನ ಬಾಗಿಲು ತೆರೆದು ಹಣತೆಯನ್ನು ಒಳಗಿಟ್ಟೆ. ಹರಳೆಣ್ಣೆಯ ದೀಪ ಚಟಪಟ ಎನ್ನುವುದಿಲ್ಲ, ಗಟ್ಟಿಯಾಗಿ, ಹಳದಿಯಾಗಿ, ನಿಧಾನವಾಗಿ ಉರಿಯುತ್ತದೆ. ಅದರ ವಾಸನೆ ಬೀದಿಯ ತುಂಬ ಹರಡಿತು. ಕೆಳಗಿಳಿದು ನೋಡಿದರೆ ಪೆಟ್ಟಿಗೆಯ ಸರಳಿನ ನೆರಳು ಕಂಬದ ಬಳಿ ನೆಲದ ಮೇಲೆ ಉದ್ದಕ್ಕೆ ಬಿದ್ದು, ಜ್ವಾಲೆ ಅಲುಗಿದಾಗ ಯಾರೋ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದಂತೆ ಮಿಸುಕಿತು. ನಾನು ಅತ್ತೆಯ ಮುಖ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು.

ತಿಂಗಳು ಕಾರ್ತಿಕ ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಕಾರ್ತಿಕದಲ್ಲಿ ಆ ಬೀದಿಯ ಮನೆಗಳವರು, ತೀರಿಹೋದವರಿಗೆ ದಾರಿ ಕಾಣಲೆಂದು, ಎತ್ತರದ ಬಿದಿರ ಗಳುವಿನ ತುದಿಗೆ ಆಕಾಶದೀಪ ಕಟ್ಟುತ್ತಿದ್ದರು. ಸಾವು ಕಂಡ ಮನೆಯವರು, ಎಣ್ಣೆಯ ದೀಪವನ್ನೇ, ಎತ್ತರದಲ್ಲೇ, ದಿನವೂ ಮುಸ್ಸಂಜೆಗೆ ಹಚ್ಚುವ ಪದ್ಧತಿ. ಮಾರನೆಯ ಬೆಳಿಗ್ಗೆ ಸುಬ್ಬಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಮ್ಮ ಜಗಲಿಗೆ ಬಂದರು. ಕಣ್ಣು ಒಣಗಿತ್ತು.

"ಹಚ್ಚಿದ್ದು ಒಳ್ಳೇದಾಯ್ತು ಬುಡು ಪುಟ್ಟಕ್ಕ. ಎಷ್ಟು ದಿನ ಅಂತ ಮನ್ಸಲ್ಲೇ ಇಟ್ಕೊಂಡಿರ್ತೀಯ. ಹೋದೋರಿಗೆ ದಾರಿ ತೋರಿಸ್ಬೇಕಲ್ಲ."

"ಯಾರು ಹೋದೋರು?" ಎಂದರು ಅತ್ತೆ.

ಸುಬ್ಬಮ್ಮ ನನ್ನನ್ನು ನೋಡಿದರು. "ಕಟ್ಕೊಂಡೋಳೇ ಏಣಿ ಹತ್ತಿ ಕೈಯ್ಯಾರೆ ಹಚ್ಚವ್ಳೆ. ಇನ್ನೇನು ಬಾಯ್ಬಿಟ್ಟು ಹೇಳ್ಬೇಕಾ?"

"ದಾರಿ ಕಾಣ್ಲಿ ಅಂತ ಹಚ್ಚಿದ್ದು ಸುಬ್ಬಮ್ಮ, ಬೀದಿ ಕತ್ಲಾಗಿತ್ತಲ್ಲ."

"ನಾನೂ ಅದನ್ನೇ ಅಲ್ವಾ ಹೇಳಿದ್ದು?" ಎಂದು ಅವರು ಎದ್ದು ಹೋದರು.

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡ ಬೀದಿಯಲ್ಲಿ ಸತ್ತಿದ್ದರು. ದೀಪವನ್ನು ನಿಲ್ಲಿಸೋಣವೆಂದರೆ, ನಡುವೆ ನಿಲ್ಲಿಸಿದ ಆಕಾಶದೀಪ ಇನ್ನೂ ಅಶುಭ ಎಂದು ಅದಕ್ಕೂ ಒಂದು ಮಾತು ಸಿದ್ಧವಾಗಿತ್ತು. ಹಚ್ಚಿದರೂ ಸಾವು, ಬಿಟ್ಟರೂ ಸಾವು. ಹಚ್ಚುತ್ತ ಹೋದೆವು. ಹೂವಿನವಳು ನಮ್ಮ ಬಾಗಿಲ ಮುಂದೆ ಕೂಗದೆ ದಾಟತೊಡಗಿದಳು. ನಾನೇ ಕರೆದು ಕೇಳಿದ್ದಕ್ಕೆ, "ನಿಮ್ಮನೇಗೆ ಇನ್ನೂ ಬೇಕಾ ಅಕ್ಕ?" ಎಂದಳು, ಪಾಪ, ಮೆಲ್ಲಗೇ ಎಂದಳು. ಮೊಳ ಹಾಕುವಾಗ ಅವಳ ಕೈ ನನ್ನ ಕೈಗೆ ತಗಲದಂತೆ ಎಚ್ಚರ ವಹಿಸಿದಳು. ತುಳಸಿ ಹಬ್ಬದ ಸಂಜೆ ಸುಬ್ಬಮ್ಮನ ಮನೆಗೆ ಎಲ್ಲ ಹೆಂಗಸರನ್ನೂ ಕರೆದಿದ್ದರು. ನನ್ನನ್ನೂ ಕರೆದಿದ್ದರು, ಕರೆಯದಿದ್ದರೆ ಒಳ್ಳೆಯದಿತ್ತು. ಕುಂಕುಮದ ತಟ್ಟೆ ಸಾಲಾಗಿ ಬರುತ್ತಾ ನನ್ನ ಮುಂದೆ ನಿಂತಿತು. ಹಿಡಿದಿದ್ದವಳು ಸುಬ್ಬಮ್ಮನ ಕಡೆ ನೋಡಿದಳು. ಸುಬ್ಬಮ್ಮ ಗಲ್ಲ ಅಲ್ಲಾಡಿಸಿದರು, ಅಷ್ಟೇ. ತಟ್ಟೆ ಮುಂದಕ್ಕೆ ಹೋಯಿತು. ನನ್ನ ಹಣೆಯಲ್ಲಿ ಬೆಳಿಗ್ಗೆ ನಾನೇ ಇಟ್ಟುಕೊಂಡ ಕುಂಕುಮವಿತ್ತು. ಅದನ್ನು ಎಲ್ಲರೂ ಕಂಡೂ ಕಾಣದವರಂತಿದ್ದರು.

ಕಾರ್ತಿಕ ಮುಗಿಯುವ ಅಮಾವಾಸ್ಯೆಯ ಸಂಜೆ ಸುಬ್ಬಮ್ಮನವರೇ ಮೂವರು ಹೆಂಗಸರೊಡನೆ ನಮ್ಮ ಮನೆಗೆ ಬಂದರು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಹೂವು. ಕೊನೆಯ ಸಲ ಸಿಂಗರಿಸಿ, ಬೆಳಿಗ್ಗೆ ಎಲ್ಲವನ್ನೂ ತೆಗೆಯುವುದು ಪದ್ಧತಿ. ಸುಬ್ಬಮ್ಮ ದನಿ ತಗ್ಗಿಸಿ, "ದೀಪ ಇಳ್ಸೋ ದಿನ. ನಾಳೆ ಹೊತ್ತಾರೆ ಮುಗಿಸ್ಬಿಡಾನ ಪುಟ್ಟಕ್ಕ. ಹುಡ್ಗಿಗೂ ಒಂದು ನೆಮ್ಮದಿ" ಎಂದರು.

ನಾನು ಅತ್ತೆಯ ಕಡೆ ತಿರುಗಿದೆ. "ನೀವೇ ಹೇಳಿ ಅತ್ತೆ. ಯಾರಿಗೆ ಹಚ್ಚಿಸಿದ್ರಿ?"

ಅತ್ತೆ ತಮ್ಮ ಅಂಗೈ ನೋಡಿಕೊಂಡರು. ಅಂಗೈಯಲ್ಲಿ ಬತ್ತಿ ಹೊಸೆದ ಎಣ್ಣೆಯ ಕಪ್ಪಿತ್ತು. "ನನ್ ಮಗ್ನಿಗೆ ಕಣೇ. ಬದ್ಕಿದ್ರೆ ಬರೋಕ್ ದಾರಿ, ಇಲ್ದಿದ್ರೆ ಹೋಗೋಕ್ ದಾರಿ. ಎರಡಕ್ಕೂ ಬೆಳಕು ಬೇಕಲ್ಲ."

ಸುಬ್ಬಮ್ಮನವರ ಎಲ್ಲ ಮಾತುಗಳೂ ನನಗೆ ನೆನಪಿವೆ. ಅವು ಚುಚ್ಚುತ್ತವೆ, ಆದರೆ ಚರ್ಮವನ್ನಷ್ಟೇ. ಅತ್ತೆಯ ಈ ಮಾತು ಹಾಗಲ್ಲ. ಅವರು ಹೆತ್ತವರು, ಎರಡನ್ನೂ ತೂಗಿ ನೋಡುವ ಹಕ್ಕು ಅವರಿಗಿತ್ತೇನೋ. ನಾನಿನ್ನೂ ಕ್ಷಮಿಸಿಲ್ಲ.

ಹೆಂಗಸರು ಅದನ್ನೇ ಒಪ್ಪಿಗೆಯೆಂದು ತಿಳಿದು ತಟ್ಟೆಯನ್ನು ಮುಂದೆ ಸರಿಸಿದರು. ನಾನು ಎದ್ದು ನಿಂತೆ. ಎದ್ದು ನಿಂತರೆ ಅವರೆಲ್ಲರೂ ನನ್ನನ್ನು ತಲೆಯೆತ್ತಿ ನೋಡಬೇಕಾಗುತ್ತಿತ್ತು.

"ಆಕಾಶದೀಪ ಅಮಾಸೆ ಆದ್ಮೇಲೂ ಉರೀತದಾ ಸುಬ್ಬಮ್ಮ?"

"ಎಲ್ಲಾದ್ರೂ ಉಂಟಾ? ಇವತ್ತಿಗೆ ಮುಗೀತು."

"ನಾಳೆ ಸಂಜೆನೂ ಉರಿದ್ರೆ?"

"ಉರಿದ್ರೆ ಅದು ಬೀದಿ ದೀಪ ಕಣವ್ವಾ" ಎಂದು ಅವರು ಹಾಸ್ಯದಿಂದಲೇ ಹೇಳಿದರು.

"ನೀವೇ ಹೇಳಿದ್ದೀರಿ. ಇವರು ಮೂರು ಜನ ಕೇಳಿಸ್ಕೊಂಡಿದ್ದಾರೆ. ನಾಳೆ ಸಂಜೆ ಉರೀತದೆ. ನಾಡಿದ್ದೂ ಉರೀತದೆ. ಬೀದಿ ದೀಪ ಉರೀತಿರೋವರ್ಗೂ ನನ್ನ ಹಣೆ ತಂಟೆಗೆ ಯಾರೂ ಬರ್ಕೂಡ್ದು. ತಟ್ಟೆ ತಗೊಂಡ್ ಹೋಗಿ."

"ಅಬ್ಬಾ, ಬಾಯಿ ನೋಡು!" ಎಂದರು ಒಬ್ಬರು. ಆದರೆ ಸುಬ್ಬಮ್ಮ ಆಡಿದ ಮಾತನ್ನು ನುಂಗುವವರಲ್ಲ. ಅಷ್ಟು ಮಾತ್ರ ಅವರ ಪರವಾಗಿ ಹೇಳುತ್ತೇನೆ. ತಟ್ಟೆ ಎತ್ತಿಕೊಂಡು ಹೋದರು.

ಮಾರನೆಯ ಸಂಜೆ ಬೀದಿಯ ಗಳುಗಳೆಲ್ಲ ಇಳಿದಿದ್ದವು. ಜಗಲಿಗಳ ಮೇಲೆ ಜನ ಕುಳಿತಿದ್ದರು, ಕೆಲಸವಿದ್ದವರಂತೆ. ಕಂಡಿಕೆ ಸುತ್ತುವ ರಾಟೆಯೊಂದು ತಿರುಗುತ್ತಿತ್ತು, ಅದಕ್ಕೆ ನೂಲೇ ಇರಲಿಲ್ಲ. ನಾನು ಹಣತೆ ತುಂಬಿದೆ. ಅತ್ತೆ ಒಳಗೆ ಮಗ್ಗದ ಗುಂಡಿಯ ಅಂಚಿನಲ್ಲಿ ಕುಳಿತಿದ್ದರು, ಏಳಲಿಲ್ಲ. ಏಣಿಯನ್ನು ನಾನೊಬ್ಬಳೇ ಎತ್ತಿ ಕಂಬಕ್ಕೆ ಒರಗಿಸಿದೆ. ಬುಡ ಹಿಡಿಯುವವರಿಲ್ಲದ ಏಣಿ ಪ್ರತಿ ಮೆಟ್ಟಿಲಿಗೂ ಜಾರಲು ನೋಡುತ್ತಿತ್ತು. ಒಂದು ಕೈಯಲ್ಲಿ ಉರಿಯುವ ಹಣತೆ, ಇನ್ನೊಂದರಲ್ಲಿ ಕಲ್ಲಿನ ಗೀರು. ಬಿದ್ದರೆ ಬೀಳುವುದು ನಾನೊಬ್ಬಳೇ ಅಲ್ಲ ಎಂದು ತಿಳಿದೇ ಹತ್ತುತ್ತಿದ್ದೆ. ಅರ್ಧದಲ್ಲಿ ಏಣಿ ಒಮ್ಮೆಗೇ ಗಟ್ಟಿಯಾಗಿ ನಿಂತಿತು. ಹರಳೆಣ್ಣೆಯ ಕೈಗಳ ವಾಸನೆ ಕೆಳಗಿನಿಂದ ಬಂತು. ನಾನು ಕೆಳಗೆ ನೋಡಲಿಲ್ಲ, ಅವರು ಮೇಲೆ ನೋಡಲಿಲ್ಲ. ದೀಪ ಪೆಟ್ಟಿಗೆಯೊಳಗೆ ಹೋಯಿತು.

ಸಂಜೆಯ ರೈಲು ಸಿಳ್ಳು ಹಾಕಿ ಬಂದು, ಸಿಳ್ಳು ಹಾಕಿ ಹೋಯಿತು. ತಿರುವಿನಿಂದ ಯಾರೂ ಬರಲಿಲ್ಲ. ಕಂಬದ ಕೆಳಗೆ ಆ ನೆರಳು ಮಾತ್ರ ಕಾಲು ಬದಲಿಸಿಕೊಂಡು ನಿಂತಿತ್ತು.

ಅಂದು ಗೆದ್ದೆ. ಆ ಗೆಲುವು ಎಂಥದ್ದೆಂದು ಆಮೇಲೆ ತಿಳಿಯಿತು. ಒಂದು ಸಂಜೆ ದೀಪ ತಪ್ಪಿದರೆ ಅವರು ಸತ್ತಂತೆ; ಆ ಕಟ್ಟಳೆ ಮಾಡಿದವಳು ನಾನೇ. ಮಳೆಯಲ್ಲಿ ಗೋಣಿಚೀಲ ಹೊದ್ದು ಹತ್ತಿದೆ. ಚಳಿಜ್ವರದಲ್ಲಿ ಹತ್ತಿದೆ. ನಮ್ಮ ತಂದೆ ತೀರಿಕೊಂಡ ಸುದ್ದಿ ಬಂದ ದಿನ ಸಂಜೆ ದೀಪ ಹಚ್ಚಿ, ಆಮೇಲೆ ಊರಿಗೆ ಹೊರಟೆ. ಹಿಂತಿರುಗುವವರೆಗೆ ಅತ್ತೆ ತಮ್ಮ ಮೊಣಕಾಲಿನಿಂದ ಹೇಗೆ ಹತ್ತಿದರೋ ನಾನು ಕೇಳಲಿಲ್ಲ. ಬೀದಿಗೆ ಬೆಳಕಾಯಿತು. ಸುಬ್ಬಮ್ಮನ ಮನೆಯವರೇ ಅದರ ಕೆಳಗೆ ಕುಳಿತು ಸಂಜೆ ಅವರೆಕಾಯಿ ಸುಲಿಯುತ್ತಿದ್ದರು. ಅವರು ಕುಳಿತಾಗ ಆ ನೆರಳಿನ ಜಾಗವನ್ನು ಮಾತ್ರ ಬಿಟ್ಟು ಕೂರುತ್ತಿದ್ದರೆಂಬುದನ್ನು ನಾನು ಗಮನಿಸಿದ್ದೆ.

ಮುಂದಿನ ವರ್ಷ ಒಂದು ಸಂಜೆ ಹಣತೆ ಹಿಡಿದು ಹೊರಗೆ ಬಂದರೆ, ಜಗಲಿಯ ಏಣಿ ಕಂಬದ ಬಳಿ ಇತ್ತು. ಹನುಮಯ್ಯ ಮೇಲಿದ್ದ. "ಸೀಮೆಎಣ್ಣೆ ಬಂತು ತಾಯಿ, ಇನ್ಮೇಲೆ ನೀನ್ ಹತ್ಬೇಕಾಗಿಲ್ಲ" ಎಂದು ನಕ್ಕ. ಬಿಳಿಯ, ಚುರುಕಾದ ಬೆಳಕು ಬಿತ್ತು. ನೆರಳು ತೆಳುವಾಗಿ ಎಲ್ಲಿಗೋ ಸರಿದುಹೋಯಿತು. ಉರಿಯುವ ಹಣತೆ ಹಿಡಿದು ಬೀದಿಯ ನಡುವೆ ನಿಂತಿದ್ದ ನನಗೆ, ಆ ಒಂದು ವರ್ಷದಲ್ಲಿ ಮೊದಲ ಬಾರಿಗೆ, ಭಯವಾಯಿತು. ದೀಪ ಇನ್ನು ಯಾರೂ ಹಚ್ಚದೆಯೂ ಉರಿಯಬಹುದು. ಅದು ಉರಿಯುವುದಕ್ಕೂ ಅವರು ಇರುವುದಕ್ಕೂ ಇನ್ನು ಸಂಬಂಧವಿಲ್ಲ.

ಹಣತೆಯನ್ನು ಒಳಗೆ ತಂದು ಮಗ್ಗದ ಗುಂಡಿಯ ಅಂಚಿನಲ್ಲಿಟ್ಟೆ. ಅತ್ತೆ ಇರುವವರೆಗೂ ಅದು ಅಲ್ಲೇ ಉರಿಯಿತು. ಅವರು ಹೋದ ಮೇಲೆ ನಾನು ಓದು ಮುಂದುವರಿಸಿ, ಕೆಲಸ ಹಿಡಿದು, ದೀಪದ ಕಂಬವನ್ನು ದಾಟಿ ಆಚೆಗೆ ಹೋದೆ.

ಆಟೋದ ಹುಡುಗ ನಿಲ್ಲಿಸಿದ ಜಾಗದಲ್ಲಿ ಕಂಬವಿರಲಿಲ್ಲ. ಎರಡೂ ಕಡೆ ಯಂತ್ರದ ಮಗ್ಗಗಳ ಸದ್ದು. ನಮ್ಮ ಮನೆಯ ಜಾಗದಲ್ಲಿ ಮಾಳಿಗೆ ಎದ್ದಿದೆ. ಸುಬ್ಬಮ್ಮನ ಮನೆ ಮಾತ್ರ ಬಣ್ಣ ಬದಲಿಸಿಕೊಂಡು ಹಾಗೇ ಇದೆ, ಅದರ ಮುಂದಿನ ಚರಂಡಿಗೆ ಅಡ್ಡಲಾಗಿ ಒಂದು ಉದ್ದದ ಕಲ್ಲು. ಹೊತ್ತು ಇಳಿಯುತ್ತಿತ್ತು. ಕಲ್ಲಿನ ಮೇಲೆ ಕಾಲಿಟ್ಟಾಗ ನನ್ನ ಹೆಬ್ಬೆರಳು ಒಂದು ಗೀರಿನಲ್ಲಿ ಕೂತಿತು. ಹಗ್ಗ ಉಜ್ಜಿದ ಗೀರು. ಕಂಬವನ್ನು ಕಿತ್ತು ತಮ್ಮ ಚರಂಡಿಗೆ ಹಾಸಿಕೊಂಡಿದ್ದಾರೆ. ಯಾರನ್ನು ಕೇಳಿ?

ಎಲ್ಲಿಂದಲೋ ಹರಳೆಣ್ಣೆಯ ವಾಸನೆ ಬಂತು. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತು ಮಗುವಿನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ಗಲ್ಲ ಸುಬ್ಬಮ್ಮನದೇ.

"ಯಾರ್ ಮನೆ ಬೇಕಿತ್ತಮ್ಮಾ? ದಣಿದು ಬಂದಿದ್ದೀರ, ಕೂತ್ಕೊಳ್ಳಿ ಬನ್ನಿ."

ನಾನು ಯಾರೆಂದು ಹೇಳಲಿಲ್ಲ. ಹಳೇ ಕಾಲದಲ್ಲಿ ಇದೇ ಬೀದಿಯಲ್ಲಿದ್ದೆ ಎಂದೆ. ನೀರು ಕೊಟ್ಟಳು. ಸುಬ್ಬಮ್ಮಜ್ಜಿ ಹೋಗಿ ಬಹಳ ವರ್ಷವಾಯಿತು ಎಂದಳು. ಕೊನೆಗೆ ದೃಷ್ಟಿ ಹೋಗಿತ್ತಂತೆ, ಆದರೂ ದಿನಾ ಸಂಜೆ, "ಬೀದಿ ದೀಪ ಹತ್ತಿತಾ ನೋಡ್ರೇ" ಎಂದು ಕೇಳುತ್ತಿದ್ದರಂತೆ. ಹತ್ತಿತು ಎಂದರೆ ಸುಮ್ಮನಾಗುತ್ತಿದ್ದರಂತೆ. ನಾನು ಹೇಳಬೇಕಾದದ್ದನ್ನು ಅವರಿಗೇ ಹೇಳಬೇಕಿತ್ತು.

ಹೊರಡುವಾಗ ಅವಳು, "ಒಂದ್ನಿಮಿಷ ಇರಿ" ಎಂದು ಒಳಗೆ ಹೋಗಿ ತಟ್ಟೆ ತಂದಳು. ತಟ್ಟೆ ನನ್ನ ಮುಂದೆ ನಿಂತಿತು. ಕೈ ಚಾಚಬೇಕೋ ಬೇಡವೋ ತಿಳಿಯದೆ ನಾನೂ ನಿಂತೆ.

"ತಗೊಳ್ಳಿ ಅಮ್ಮ, ಕುಂಕುಮ" ಎಂದು ಅವಳೇ ಬೆರಳದ್ದಿ ನನ್ನ ಹಣೆಗೆ, ಹಳೆಯದರ ಮೇಲೆಯೇ, ಇಟ್ಟಳು. ಹೊರಗೆ ಬೀದಿಯ ದೀಪಗಳು ಸಾಲಾಗಿ ತಾವೇ ಹೊತ್ತಿಕೊಂಡವು.

"ಒಬ್ರೇ ಬಂದ್ರಾ? ಯಜಮಾನ್ರು ಜೊತೇಲಿ ಬರ್ಲಿಲ್ವಾ?"

ನಾನು ಕಲ್ಲನ್ನು ದಾಟಿ ಬೀದಿಗೆ ಇಳಿದು, ತಿರುವಿನ ಕಡೆ ನೋಡಿದೆ.

"ಇನ್ನೂ ಬಂದಿಲ್ಲ" ಎಂದೆ.